ಕೆಂಪು ದಾರದ ಪುಸ್ತಕಗಳು

ಇದು ನಡೆದ ಕಥೆ. ಪೂರ್ತಿ ನಡೆದದ್ದೂ ಅಲ್ಲ, ಅರ್ಧ ಜಾರಿದ್ದು. ಡಿಸೆಂಬರಿನಲ್ಲಿ ನಮ್ಮ ಉತ್ತರದ ಹಿಮದೂರು ಈಸಫ್ಯೋರ್ದುರ್‌ನಲ್ಲಿ ಜಾರದೆ ನಡೆಯುವ ಕಥೆ ಯಾವುದಿದೆ? ಬೀದಿ ತುಂಬ ಗಾಜಿನಂಥ ಮಂಜುಗಡ್ಡೆ, ಸುತ್ತ ಬೆಟ್ಟ, ಬೆಟ್ಟದ ಆಚೆ ಜನವರಿ ಕೊನೆಯ ತನಕ ರಜೆ ಹಾಕಿ ಕೂತ ಸೂರ್ಯ. ಇಂಥ ಊರಲ್ಲಿ ಸುಳ್ಳು ಹೇಳಿ ಓಡಿಹೋಗುವುದು ಕಷ್ಟ. ಆದ್ದರಿಂದ ಇದು ನಿಜ.

ನಮ್ಮೂರ ಪುಸ್ತಕದಂಗಡಿಯ ಕಿಟಕಿ ಪಕ್ಕ ಒಂದು ಹಳೆಯ ಕುರ್ಚಿ, ಕುರ್ಚಿಯಲ್ಲಿ ಇಂದ್ರಿದಿ. ಅರವತ್ತು ದಾಟಿದ ಮನುಷ್ಯ, ಉದ್ದ ಕಾಲು, ಮೊಣಕೈ ಸವೆದ ಉಣ್ಣೆ ಅಂಗಿ. ಅಂಗಡಿಗೆ ಹೊಸದಾಗಿ ಬಂದವರು ಕುರ್ಚಿಯೂ ಅವನೂ ಒಟ್ಟಿಗೇ ಕೊಂಡ ಸಾಮಾನೇ ಎಂದು ಕೇಳುತ್ತಿದ್ದರು. ಅವನ ಕೆಲಸ ಇಷ್ಟೆ: ಯಾರಿಗೆ ಯಾವ ಪುಸ್ತಕ ಎಂದು ಹೇಳುವುದು.

"ಏನಿಷ್ಟ ಅಂತ ಕೇಳ್ಬಾರ್ದು," ಎನ್ನುತ್ತಿದ್ದ, ಉಸಿರನ್ನು ಒಳಕ್ಕೆ ಎಳೆದು, ಮೂಗೇರಿಸಿ. "ಏನಿಲ್ಲ ಅಂತ ನೋಡ್ಬೇಕು. ಸಿಹಿ ತಿಂದು ಸಾಕಾದವನಿಗೆ ಜೇನುತುಪ್ಪ ಕೊಡ್ತಾರಾ?"

ಇಲ್ಲಿ ಕ್ರಿಸ್‌ಮಸ್ ಮುನ್ನಾ ಸಂಜೆ ಪುಸ್ತಕ ಸಿಗದವನು ಎಂದರೆ ಆ ವರ್ಷ ಇಡೀ ಕುಟುಂಬ ಅವನ ಮೇಲೆ ಮುನಿಸಿಕೊಂಡಿದೆ ಎಂದೇ ಅರ್ಥ. ಕೊಳ್ಳುವವರೊಬ್ಬರು, ಓದುವವರು ಇನ್ನೊಬ್ಬರು. ಅದಕ್ಕೇ ಪ್ರತಿ ಪುಸ್ತಕದ ಹಿಂದೆಯೂ ಅಂಗಡಿಯವರು ಒಂದು ಬದಲಿ ಚೀಟಿ ಅಂಟಿಸಿರುತ್ತಾರೆ. ಹಿಡಿಸದಿದ್ದರೆ ಹಬ್ಬ ಕಳೆದು ಅಂಗಡಿ ತೆರೆದ ಮೊದಲ ದಿನ ತಂದುಕೊಟ್ಟು ಬೇರೆಯದು ಒಯ್ಯಬಹುದು. ಕೊಟ್ಟವರಿಗೆ ಮಾತ್ರ ಗೊತ್ತಾಗಬಾರದು. ಅವರೆದುರು "ಅದ್ಭುತ!" ಎನ್ನುವುದು, ಕೋಟಿನೊಳಗೆ ಅಡಗಿಸಿ ತಂದು ಬದಲಿಸುವುದು, ಆ ಅದ್ಭುತದ ಕಥೆ ಏನು ಎಂದು ಆಮೇಲೆ ಅವರು ಕೇಳಿದರೆ ಕೆಮ್ಮುವುದು. ಇದು ಇಲ್ಲಿನ ಮರ್ಯಾದೆ. ಊರಿನ ಅರ್ಧ ಕೆಮ್ಮು ಚಳಿಯದಲ್ಲ.

ಅಂಗಡಿಯ ಒಡತಿಯ ಹೆಸರು ಓದ್ನಿ. ಹೆಸರಿನಲ್ಲಿ ಓದು ಇತ್ತೇ ಹೊರತು ಅವಳು ಓದುತ್ತಿದ್ದದ್ದು ಕರೆಂಟಿನ ಬಿಲ್ಲು ಮಾತ್ರ. ಕೆಟ್ಟವಳಲ್ಲ. ಅಪ್ಪ ಬಿಟ್ಟುಹೋದ ಅಂಗಡಿಯನ್ನು ಮುಚ್ಚದೆ ಉಳಿಸಿಕೊಳ್ಳಬೇಕೆಂದು ಒದ್ದಾಡುತ್ತಿದ್ದಳು. ಸೆಪ್ಟೆಂಬರಿನಲ್ಲಿ ಒಂದು ದಿನ ಕುರ್ಚಿಯ ಮುಂದೆ ಬಂದು ನಿಂತಳು.

"ಇಂದ್ರಿದಿ, ರಾಜಧಾನಿಯೋರು ಒಂದು ಕಂಪ್ಯೂಟರ್ ಪರದೆ ಕೊಡ್ತಾರಂತೆ. ಗೋಡೆಗೆ ಹಾಕೋದು. ಹಿಂದೆ ಓದಿದ್ದು ಯಾವ್ದು ಅಂತ ಒತ್ತಿದ್ರೆ ಮುಂದೆ ಓದೋದು ತೋರಿಸತ್ತೆ."

"ನಿನ್ನೆ ಮೀನು ತಿಂದೆ ಅಂದ್ರೆ ಇವತ್ತೂ ಮೀನೇ ಬಡಿಸೋ ಅಡುಗೆಯವನ ಥರ?"

"ಅದು ದಿನಕ್ಕೆ ಒಂದು ಕೆಟಲ್ ಕಾಫಿ ಕುಡಿಯಲ್ಲ."

"ಗಿರಾಕಿ ಜೊತೆ ಜಗಳಾನೂ ಆಡಲ್ಲ, ಪಾಪ. ಎಂಥಾ ಬಾಳು ಅದ್ರದ್ದು."

ಓದ್ನಿ ನಗಲಿಲ್ಲ. "ಒಂದು ಮಾತಿಗೆ ಬರೋಣ. ನೀನು ಆರಿಸಿಕೊಟ್ಟ ಪುಸ್ತಕಕ್ಕೆಲ್ಲ ಈ ಸಲ ಕೆಂಪು ಉಣ್ಣೆದಾರ ಕಟ್ಟು. ಬದಲಿ ದಿನ ನೋಡ್ತೀನಿ. ಕೆಂಪು ದಾರದವು ರಾಶಿ ಬಿದ್ರೆ ಕುರ್ಚಿ ಜಾಗದಲ್ಲಿ ಪರದೆ ಬರತ್ತೆ. ಬೀಳದೇ ಇದ್ರೆ ಪರದೆಯೋರಿಗೆ ನಾನೇ ಬೇಡ ಅಂತೀನಿ."

"ಕಟ್ಟೋಣ ಬಿಡು," ಎಂದ ಇಂದ್ರಿದಿ, ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವಂತೆ. "ದಾರ ಜಾಸ್ತಿ ತರ್ಸು."

ಬಾಯಿ ಅಷ್ಟು ಹೇಳಿತು. ಹೊಟ್ಟೆಯೊಳಗೆ ಮಾತ್ರ ಅವತ್ತೇ ಒಂದು ಇಲಿ ಹೊಕ್ಕಿತು. ಅವತ್ತಿನಿಂದ ಇಂದ್ರಿದಿಗೆ ಓದಲಾಗಲಿಲ್ಲ.

ಪುಸ್ತಕ ತೆರೆಯುವನು, ಎರಡು ಪುಟ ದಾಟುವಷ್ಟರಲ್ಲಿ ಆ ಪರದೆ ಇದನ್ನು ಯಾರಿಗೆ ಕೊಡುತ್ತಿತ್ತು ಎಂಬ ಯೋಚನೆ. ಎದ್ದು ಒಲೆ ನೋಡುವನು. ಕೂರುವನು. ಎದ್ದು ಕಿಟಕಿಯಿಂದ ಬಂದರು ನೋಡುವನು. ಇನ್ನೊಂದು ಪುಸ್ತಕ ತೆರೆಯುವನು. ಅದರ ಮೇಲೆ ಮತ್ತೊಂದು. ಮಂಚದ ಪಕ್ಕ ಅರ್ಧ ತೆರೆದ ಪುಸ್ತಕಗಳು ಮಗುಚಿದ ದೋಣಿಗಳಂತೆ ಬಿದ್ದಿರುತ್ತಿದ್ದವು. ಅಕ್ಟೋಬರ್ ಹೋಯಿತು, ಹೊಸ ಪುಸ್ತಕಗಳ ಪ್ರವಾಹ ಬಂತು. ವರ್ಷದ ಪುಸ್ತಕಗಳಷ್ಟೂ ಒಂದೇ ಉಸಿರಿಗೆ ಹಬ್ಬದ ಮುಂಚೆ ಬರುವುದು ನಮ್ಮ ಪದ್ಧತಿ. ಇಂದ್ರಿದಿ ಮೊದಲ ಪುಟ, ಕೊನೆಯ ರಟ್ಟು, ಮನೆಮನೆಗೂ ಅಂಚೆಯಲ್ಲಿ ಬರುವ ಪುಸ್ತಕಪಟ್ಟಿಯ ನಾಲ್ಕು ಸಾಲು, ಇಷ್ಟರಲ್ಲೇ ಕಣ್ಣಾಡಿಸಿ ಮಿಕ್ಕಿದ್ದನ್ನು ಮೂಗಿಗೆ ಬಿಟ್ಟ. ಆ ವರ್ಷ ಅವನು ಕೊಟ್ಟ ಒಂದು ಪುಸ್ತಕವನ್ನೂ ಅವನು ಓದಿರಲಿಲ್ಲ. ಇದು ಯಾರಿಗೂ ಗೊತ್ತಿರಲಿಲ್ಲ. ಅವನಿಗೆ ಗೊತ್ತಿತ್ತಲ್ಲ, ನಿದ್ದೆ ಕೆಡಲು ಒಬ್ಬ ಸಾಕು.

ಆದರೂ ಕೊಟ್ಟ. ಮೀನು ಹಿಡಿಯುವ ಟ್ರಾಲರ್ ಹಡಗಿನ ಕ್ಯಾಪ್ಟನ್ ಬ್ರಾಂದುರ್‌ಗೆ ಏನು ಕೊಡಲಿ ಎಂದು ಅವನ ಹೆಂಡತಿ ಸ್ವಾವಾ ಕೇಳಿದಾಗ ಒಂದು ಪ್ರೇಮಕಾದಂಬರಿ. "ಸಮುದ್ರದ ಪುಸ್ತಕ ಬೇಡವಾ?" ಎಂದಳು ಸ್ವಾವಾ. "ಅವನು ದಿನಾ ಉಪ್ಪುನೀರು ಕುಡಿಯೋನು. ಮತ್ತೆ ಉಪ್ಪೇ ಕೊಡ್ತೀಯಾ?" ಈಜುಕೊಳದ ಕಾವಲಿನ ಲೋವಾಗೆ ಅವಳ ಅಕ್ಕನ ಕೈಲಿ ಮರುಭೂಮಿ ದಾಟಿದ ಪ್ರವಾಸಕಥನ: "ದಿನವಿಡೀ ಒದ್ದೆ ಕಾಲಲ್ಲಿರೋಳಿಗೆ ಸ್ವಲ್ಪ ಒಣ ನೆಲ." ಚರ್ಚಿನ ಪಾದ್ರಿ ಗುನ್ವೋರ್‌ಗೆ, ಅವಳ ಗಂಡನ ಮೂಲಕ, ಕೊಡಲಿ ಕೊಲೆಗಾರನ ಪತ್ತೇದಾರಿ: "ವರ್ಷಪೂರ್ತಿ ಕ್ಷಮಿಸೋ ಕೆಲಸ. ಹಬ್ಬಕ್ಕಾದರೂ ಯಾರನ್ನಾದ್ರೂ ಹಿಡಿದು ಒಳಗೆ ಹಾಕ್ಲಿ." ಮತ್ತೆ ಶಾಲೆಯ ಭೂಗೋಳದ ಮೇಷ್ಟ್ರು ಕೋಲ್ಬೇನ್‌ಗೆ, ಅವನ ಅತ್ತೆಯ ಹೆಸರಲ್ಲಿ, ಮೌನದ ಬಗ್ಗೆ ಬರೆದ ತೆಳ್ಳನೆಯ ಕವನಸಂಕಲನ.

ಕೋಲ್ಬೇನ್‌ನ ವಿಷಯ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಹಗಲು ಅವನು ಮಕ್ಕಳಿಗೆ ನದಿ, ಪರ್ವತ. ಸಂಜೆ ಯಾರ ಗಂಟಲು ಬೇಕೋ ಅವರ ಗಂಟಲು. ಪ್ರತಿ ಫೆಬ್ರವರಿಯ ಊರೂಟದಲ್ಲಿ ಊರಿನವರನ್ನೇ ಅಣಕಿಸುವ ಆಟ ಇರುತ್ತದೆ. ಅದರಲ್ಲಿ ಒಂದೇ ಬಾಯಿಂದ ಇಡೀ ಊರನ್ನು ಆಡಿಸುವವನು ಅವನು. ಅಂಥವನಿಗೆ ಹಬ್ಬದ ಮುನ್ನಾ ಸಂಜೆ ಎಲ್ಲರೆದುರು ಪೊಟ್ಟಣ ಬಿಚ್ಚಿದರೆ ಮೌನ ಬಂತು. ಮಾವ ಬಿದ್ದು ಬಿದ್ದು ನಕ್ಕ. ಅತ್ತೆ, "ಇಂದ್ರಿದಿ ಹೇಳಿದ್ದು, ನಿನಗೆ ಇದೇ ಬೇಕಂತೆ," ಎಂದಳು. ಕೋಲ್ಬೇನ್ "ಅದ್ಭುತ!" ಎಂದು ಕೆಮ್ಮಿದ. ಫೆಬ್ರವರಿಗೆ ಹೇಗೂ ಅಭ್ಯಾಸ ಬೇಕಿತ್ತು.

ಹಬ್ಬದ ದಿನ ಮಧ್ಯಾಹ್ನ ಇಡೀ ಊರು ಸೋಫಾದಲ್ಲಿ ಚಾಕಲೇಟು ಮೆಲ್ಲುತ್ತ ಓದುತ್ತಿದ್ದಾಗ ಇಂದ್ರಿದಿ ತನ್ನ ಮನೆಯಲ್ಲಿ ಒಲೆಗೂ ಕಿಟಕಿಗೂ ನಡುವೆ ತಿರುಗುತ್ತಿದ್ದ. ಗೋಡೆಯ ಹಳೆಯ ಫೋನು ಹೊಡೆದುಕೊಂಡಿತು.

"ಏಯ್ ಇಂದ್ರಿದಿ! ಬ್ರಾಂದುರ್! ಗಾಳಿ ಇಲ್ಲ, ಆದ್ರೂ ಕೂಗ್ತಿದೀನಿ, ಅಭ್ಯಾಸ! ಏನಯ್ಯಾ ಈ ಪುಸ್ತಕ! ಪುಟಕ್ಕೊಂದು ಮುತ್ತು! ನಾನು ಮೀನು ಹಿಡಿಯೋನು, ಮುತ್ತು ಆರಿಸೋನಲ್ಲ! ಬದಲಿ ದಿನ ತಂದು ಎಸೀತೀನಿ! ಸ್ವಾವಾ ಕೊಟ್ಟಿದ್ದು, ಅವಳ ಮುಂದೆ ಉಸಿರೆತ್ತಿದ್ಯೋ ಸಮುದ್ರಕ್ಕೆ ಹಾಕ್ತೀನಿ! ಅಷ್ಟೆ!"

ಫೋನು ಇಟ್ಟು ಎರಡು ಸುತ್ತು ತಿರುಗುವಷ್ಟರಲ್ಲಿ ಮತ್ತೆ.

"ಇಂದ್ರಿದಿ, ಇಂದ್ರಿದಿ, ಲೋವಾ ಲೋವಾ. ಮೆಲ್ಲಗೆ ಮಾತಾಡು, ಅಕ್ಕ ಇಲ್ಲೇ ಇಲ್ಲೇ ಇದಾಳೆ. ಮರಳು ಕಣೋ ಮರಳು. ಎಲ್ಲಿ ತೆರೆದ್ರೂ ಮರಳು. ಓದಿ ಓದಿ ನಾನು ಮರುಳು ಮರುಳು. ತಂದುಕೊಡ್ತೀನಿ, ಅಕ್ಕಂಗೆ ಹೇಳ್ಬೇಡ ಹೇಳ್ಬೇಡ."

ಮೂರನೆಯದು ಗಂಟೆಯಂತೆ ದಪ್ಪ ದನಿಯಲ್ಲಿ, ಉಪದೇಶದ ಏರಿಳಿತದಲ್ಲಿ ಬಂತು. ಪಾದ್ರಿ ಗುನ್ವೋರ್‌ಗಿಂತ ದಪ್ಪ ದನಿ ಚರ್ಚಿನ ಗಂಡು ಹಾಡುಗಾರರಲ್ಲೂ ಇಲ್ಲ. "ಇಂದ್ರಿದೀ... ನಿನಗೆ ಶಾಂತಿಯಾಗಲೀ... ಎಲ್ಲರಿಗೂ ದೇವರು ಒಳ್ಳೇದು ಕೊಡಲೀ ಅನ್ನೋಳು ನಾನೂ... ನೀನು ಬರೀ ಕೊಡಲಿ ಕೊಟ್ಟೆಯಲ್ಲಪ್ಪಾ... ಅಧ್ಯಾಯಕ್ಕೊಂದು ಹೆಣಾ... ಗಂಡ ಪ್ರೀತಿಯಿಂದ ತಂದದ್ದೂ, ಅವನ ಕಿವಿಗೆ ಬೀಳದಿರಲೀ..."

ಯಾರದು ಈ ಗಂಟಲು ಎಂದು ಊರಿನ ಬೆಕ್ಕಿಗೂ ಹೊಳೆಯುತ್ತಿತ್ತು. ಇಂದ್ರಿದಿಗೆ ಹೊಳೆಯಲಿಲ್ಲ. ಅವನ ಕಿವಿ ಮೂರು ತಿಂಗಳಿಂದ ಇದೇ ದೂರಿಗೆ ಕಾದು ಕೂತಿತ್ತು. ಕಾದ ಮಾತು ಬಂದಾಗ ತಂದವರ ಮುಖ ಯಾರು ನೋಡುತ್ತಾರೆ? ಓದದೆ ಕೊಟ್ಟೆ, ಸಿಕ್ಕಿಬಿದ್ದೆ. ಮೂವರು ಫೋನು ಮಾಡಿದ್ದಾರೆ ಎಂದರೆ ಮಾಡದವರೆಷ್ಟೋ. ಬದಲಿ ದಿನ ಕೆಂಪು ದಾರದ ರಾಶಿ, ರಾಶಿಯ ಹಿಂದೆ ಓದ್ನಿಯ ಮುಖ, ಕುರ್ಚಿಯನ್ನು ಹಿತ್ತಲಿಗೆ ಹೊತ್ತುಕೊಂಡು ಹೋಗುವ ನಾಲ್ಕು ಕೈ. ಕಣ್ಣು ಮುಚ್ಚಿದರೂ ಅದೇ, ತೆರೆದರೂ ಅದೇ.

ಮಾರನೆಯ ದಿನ ಬೆಟ್ಟದಂಚಿನಲ್ಲಿ ನೀಲಿ ಬೆಳಕು ಮೂಡುತ್ತಲೇ ಅವನು ಎದ್ದ. ತನ್ನ ಕಪಾಟಿನಿಂದ ತಾನು ನಿಜವಾಗಿ ಓದಿದ್ದ, ನಂಬಿದ್ದ ಪುಸ್ತಕಗಳನ್ನು ಇಳಿಸಿ, ಹಿಮದ ಮೇಲೆ ಕೈಯಲ್ಲೆಳೆಯುವ ಜಾರುಬಂಡಿಗೆ ಹೇರಿದ. ಉಪಾಯ ಸರಳ: ಅಂಗಡಿ ಬಾಗಿಲು ತೆರೆಯುವ ಮುಂಚೆ ಮನೆಮನೆಗೆ ಹೋಗಿ ಬದಲಾಯಿಸಿಬಿಡುವುದು. ಕೆಂಪು ದಾರ ಓದ್ನಿಯ ಮೇಜಿಗೆ ಬರಲೇಬಾರದು. ಬಂಡಿ ಎಳೆದುಕೊಂಡು ಹೊರಟ. ಚರ್ಚಿನ ತಿರುವಿನಲ್ಲಿ ಬಂಡಿಯೇ ಅವನನ್ನು ಎಳೆದುಕೊಂಡು ಹೋಯಿತು.

ಬ್ರಾಂದುರ್ ಮನೆಯ ಬಾಗಿಲು ತೆರೆದವಳು ಸ್ವಾವಾ. "ಬಾ ಬಾ, ಹೊಗೆಮಾಂಸ ಬಿಸಿ ಮಾಡ್ತಿದ್ದೆ. ಅವನನ್ನ ಮಾತ್ರ ಮಾತಾಡಿಸ್ಬೇಡ. ನಿನ್ನೆಯಿಂದ ಮಾತಿಲ್ಲ. ಕಥೆ ಮಾತ್ರ ಇದೆ."

ಬ್ರಾಂದುರ್ ಸೋಫಾದಲ್ಲಿ ಕಾಲು ಚಾಚಿ ಬಿದ್ದಿದ್ದ. ಮೂಗು ಕೆಂಪು, ಎದೆಯ ಮೇಲೆ ಪುಸ್ತಕ, ಕೈಯಲ್ಲಿ ಒದ್ದೆ ಕರವಸ್ತ್ರ. ಅಳು ಬರುವಷ್ಟು ಬೇಜಾರು ಮಾಡಿಬಿಟ್ಟೆನಲ್ಲ, ಎಂದುಕೊಂಡ ಇಂದ್ರಿದಿ.

"ಬ್ರಾಂದುರ್, ಗೆಳೆಯಾ, ಆ ಪ್ರತಿ ಕೊಡು. ಅಚ್ಚಿನೋರು ಏನೋ ತಪ್ಪು ಮಾಡಿದ್ದಾರಂತೆ. ಬದಲಿಗೆ ಇದನ್ನ ಇಟ್ಕೋ." ಒಂದು ಕಣ್ಣು ಹೊಡೆದ.

"ಏನ್ ತಪ್ಪು?"

"ಕೆಲವು ಹಾಳೆ ಇಲ್ವಂತೆ." ಇನ್ನೊಂದು ಕಣ್ಣು ಹೊಡೆದ.

ಬ್ರಾಂದುರ್ ಧಡಕ್ಕನೆ ಎದ್ದು ಕೂತ. "ಯಾವ್ ಹಾಳೆ? ಅವಳು ಬಂದರಿಗೆ ಓಡ್ತಿದಾಳೆ! ಹಡಗು ಹಗ್ಗ ಬಿಚ್ಚಾಯ್ತು! ಮುಂದಿನ ಹಾಳೆ ಇದೆಯೋ ಇಲ್ವೋ, ಅಷ್ಟು ಹೇಳು!"

ಎಂಥಾ ನಟ, ಎಂದು ಇಂದ್ರಿದಿ ಬೆರಗಾದ. ಹೆಂಡತಿಯ ಎದುರು ಎಷ್ಟು ಚೆನ್ನಾಗಿ ಮಾಡುತ್ತಾನೆ! ಸಮಾಧಾನ ಹೇಳುವಂತೆ ಮತ್ತೆ ಎರಡು ಸಲ ಕಣ್ಣು ಹೊಡೆದ.

"ಇಂದ್ರಿದಿ, ಕಣ್ಣಿಗೇನಾಯ್ತು?" ಎಂದಳು ಸ್ವಾವಾ. "ಹಿಮ ಬಿತ್ತಾ?"

"ಹ್ಞಾಂ, ಹಿಮ."

"ಎರಡೂ ಕಣ್ಣಿಗೂ?"

"ಸರದಿ ಮೇಲೆ."

"ಕೊಡಲ್ಲ," ಎಂದ ಬ್ರಾಂದುರ್. "ಹಾಳೆ ಇಲ್ದಿದ್ರೆ ಮಿಕ್ಕಿದ್ದು ನಾನೇ ಕಟ್ಕೋತೀನಿ. ನೀನು ಊಟ ಮಾಡು, ಹೋಗು."

ಸ್ವಾವಾ ಒಳಗಿಂದ ಮೇಲಿನ ಅಟ್ಟದ ಪಾತ್ರೆ ಇಳಿಸಿಕೊಡು ಎಂದು ಕೂಗಿದಳು. ಬ್ರಾಂದುರ್ ಗೊಣಗುತ್ತ ಎದ್ದು, ಪುಸ್ತಕವನ್ನು ದಿಂಬಿನಡಿಗೆ ತಳ್ಳಿ ಹೋದ. ನೋಡಿದೆಯಾ, ಎಂದುಕೊಂಡ ಇಂದ್ರಿದಿ, ತಗೋ ಅಂತಲೇ ಇಟ್ಟು ಹೋದ, ಜಾಣ! ದಿಂಬಿನಡಿ ಕೈಹಾಕಿ ಪ್ರೇಮಕಥೆ ಎಳೆದುಕೊಂಡು, ಅದೇ ಜಾಗದಲ್ಲಿ ಕಾಡ್ ಎಂಬ ಮೀನಿನ ಬೇಟೆಯ ದಪ್ಪ ಇತಿಹಾಸ ತುರುಕಿ, ಊಟಕ್ಕೂ ನಿಲ್ಲದೆ ಹೊರಬಿದ್ದ. ಬಂಡಿ ಬೀದಿ ತಿರುಗುವಾಗ ಹಿಂದಿನಿಂದ ಒಂದು ಗರ್ಜನೆ ಕೇಳಿಸಿತು. ನಟನೆ ಸ್ವಲ್ಪ ಜಾಸ್ತಿಯಾಯಿತು, ಎನ್ನಿಸಿತು ಅವನಿಗೆ.

ಈಜುಕೊಳ ಅವತ್ತು ಅರ್ಧ ದಿನ ತೆರೆದಿತ್ತು. ಲೋವಾ ಗಾಜಿನ ಕೋಣೆಯಲ್ಲಿ, ಕೊಳದ ಕಡೆ ಒಂದು ಕಣ್ಣು, ಪುಸ್ತಕದಲ್ಲಿ ಒಂದೂವರೆ ಕಣ್ಣು ಇಟ್ಟು ಕೂತಿದ್ದಳು. ಹೊರಗೆ ಬಿಸಿನೀರ ತೊಟ್ಟಿಯಲ್ಲಿ ಕತ್ತಿನ ತನಕ ಮುಳುಗಿ ಹಬೆಯಾಡುತ್ತಿದ್ದ ತಲೆಗಳಲ್ಲಿ ಒಂದು ಅವಳ ಅಕ್ಕನದು. ಇಂದ್ರಿದಿ ಬಗ್ಗಿ, ಗಾಜಿನ ಕಿಂಡಿಗೆ ಬಾಯಿಟ್ಟು ಪಿಸುಗುಟ್ಟಿದ:

"ಕೊಡು. ಬೇಗ. ಅಕ್ಕ ನೋಡೋದ್ರೊಳಗೆ."

"ಏನ್ ಕೊಡ್ಲಿ, ಏನ್ ಕೊಡ್ಲಿ?"

"ಪುಸ್ತಕ. ಬದಲಿಗೆ ಇದು ತಗೋ. ಇದ್ರಲ್ಲಿ ಮರಳಿಲ್ಲ, ಎಲ್ಲಾ ನೀರೇ."

ಲೋವಾ ಪುಸ್ತಕವನ್ನು ಎದೆಗವಚಿಕೊಂಡಳು. "ತಲೆ ಕೆಟ್ಟಿದೆಯಾ ನಿಂಗೆ? ಒಂಟೆ ಬಿದ್ದಿದೆ ಬಿದ್ದಿದೆ, ಚರ್ಮದ ಚೀಲ ಖಾಲಿ, ಬಾವಿ ಇನ್ನೂ ಸಿಕ್ಕಿಲ್ಲ. ಈಗ ಕೊಡೋದಾ? ಹೋಗು ಹೋಗು!"

"ಲೋವಾ, ನನ್ನ ಹತ್ರ ನಟಿಸ್ಬೇಡ. ನಂಗೆ ಎಲ್ಲಾ ಗೊತ್ತು."

"ಎಲ್ಲಾ ಗೊತ್ತಿದ್ರೆ ಹೇಳ್ಬೇಡ ಹೇಳ್ಬೇಡ! ಬಾವಿ ಸಿಗತ್ತೋ ಇಲ್ವೋ ನಾನೇ ಓದ್ತೀನಿ!"

ಅಷ್ಟರಲ್ಲಿ ಅವನು ಕಿಂಡಿಯೊಳಗೆ ಕೈತೂರಿಸಿ ಪುಸ್ತಕದ ಮೂಲೆ ಹಿಡಿದಾಗಿತ್ತು. ಅವಳು ಎಳೆದಳು, ಇವನೂ ಎಳೆದ. ಅವಳು ಕೊರಳಿನ ಸೀಟಿ ತೆಗೆದು ಊದಿದಳು. ನೀರಲ್ಲಿದ್ದವರೆಲ್ಲ ಎದ್ದು ನಿಂತರು. ಇಂದ್ರಿದಿ ಕೈಬಿಟ್ಟು, ಒದ್ದೆ ನೆಲದ ಮೇಲೆ ಹೆಜ್ಜೆಗಿಂತ ಹೆಚ್ಚು ದೂರ ಸಾಗಿ, ಬಾಗಿಲ ಚೌಕಟ್ಟು ಹಿಡಿದು ನಿಂತ.

ತೊಟ್ಟಿಯ ತಲೆಗಳು ಗುಸುಗುಸು ಶುರುಮಾಡಿದವು. "ಬ್ರಾಂದುರ್ ಮನೇಲೂ ಹೀಗೇ ಮಾಡಿದನಂತೆ. ದಿಂಬಿನಡಿಯಿಂದ ಕದ್ದನಂತೆ." "ಕೊಟ್ಟಿದ್ದನ್ನ ಯಾಕೆ ಕಿತ್ಕೋತಾನೆ?" "ಅದ್ರಲ್ಲಿ ಏನೋ ಇದೆ." "ಏನೋ ಏನು, ನಮ್ಮೂರೋರ್ದೇ ಯಾರ್ದೋ ಗುಟ್ಟಿರ್ಬೇಕು." ಇಂದ್ರಿದಿಗೆ ಕೇಳಿಸಿದ್ದು ಗುಸುಗುಸು ಮಾತ್ರ. ಅಯ್ಯೋ ಪಾಪ ಎನ್ನುತ್ತಿದ್ದಾರೆ ಎಂದುಕೊಂಡು ತಲೆ ತಗ್ಗಿಸಿ ಹೊರಟ. ಬಿಸಿನೀರ ತೊಟ್ಟಿಯಲ್ಲಿ ಹುಟ್ಟಿದ ಸುದ್ದಿ ನಮ್ಮೂರಲ್ಲಿ ಆರುವ ಮುಂಚೆ ಪ್ರತಿ ಮನೆಯ ಅಡಿಗೆಕೋಣೆ ಸೇರಿರುತ್ತದೆ.

ಗುನ್ವೋರ್ ಮನೆಗೆ ಬೀಗ. ಪಕ್ಕದ ಹಳ್ಳಿಗೆ ಯಾರದೋ ಮಗುವಿಗೆ ಹೆಸರಿಡಲು ಗಂಡನನ್ನೂ ಕರೆದುಕೊಂಡು ಹೋಗಿದ್ದಳು.

ಮನೆಗೆ ಬಂದು ಇಂದ್ರಿದಿ ಕೋಟೂ ಬಿಚ್ಚದೆ ಕೂತ. ಎದ್ದ. ಮತ್ತೆ ಕೂತ. ಕೊನೆಗೆ, ಎಲ್ಲಿ ತಪ್ಪಿದೆ ಎಂದಾದರೂ ನೋಡೋಣವೆಂದು, ತಂದಿದ್ದ ಒಂದೇ ಪುಸ್ತಕ ತೆರೆದ. ಬಂದರಿನ ಹುಡುಗಿ, ಬೇರೆ ದೇಶದ ನಾವಿಕ, ಅವರಿಬ್ಬರ ನಡುವೆ ಮಾತೇ ಬಾರದ ಒಂದು ಬೇಸಿಗೆ. ಎರಡನೆಯ ಪುಟಕ್ಕೆ ಎದ್ದು ಒಲೆ ನೋಡಿದ. ಐದನೆಯದಕ್ಕೆ ಎದ್ದು ಕಿಟಕಿಗೆ ಹೋದ. ಆದರೆ ಈ ಸಲ ಪುಸ್ತಕ ಕೈಯಲ್ಲೇ ಇತ್ತು. ಕಿಟಕಿಯ ಹತ್ತಿರ ನಿಂತೇ ಓದಿದ. ಒಲೆಗೆ ಸೌದೆ ಹಾಕುವಾಗ ಒಂದು ಕೈಯಲ್ಲಿ ಓದಿದ. ಆಲೂಗಡ್ಡೆ ಬೇಯಲಿಟ್ಟು ಮರೆತ, ಪಾತ್ರೆ ಸೀದ ಮೇಲೆ ನೆನೆಸಿಕೊಂಡ. ಹುಡುಗಿ ಬಂದರಿಗೆ ಓಡುವ ಪುಟ ಬಂದಾಗ ಅವನಿಗೆ ತಾನು ಕೂತಿದ್ದೇನೆ ಎಂಬುದೂ ಗೊತ್ತಿರಲಿಲ್ಲ.

ಮುಗಿಸಿ ಮಡಿಚಿದ. ಸಂತೋಷ ಒಂದು ಗಳಿಗೆ ನಿಂತಿತು, ಅಷ್ಟೆ. ಮರುಗಳಿಗೆಯಲ್ಲಿ ಇಲಿ ಮತ್ತೆ ಕಚ್ಚಿತು, ಮೊದಲಿಗಿಂತ ಜೋರಾಗಿ. ಪುಸ್ತಕ ಚೆನ್ನಾಗಿದೆ. ಹಾಗಿದ್ದರೆ ತಪ್ಪಿದ್ದು ಪುಸ್ತಕದಲ್ಲಲ್ಲ, ಬ್ರಾಂದುರ್‌ನನ್ನು ತಿಳಿದುಕೊಂಡದ್ದರಲ್ಲಿ. ಇಷ್ಟು ವರ್ಷ ಪುಸ್ತಕ ಓದುವುದಕ್ಕಿಂತ ಮನುಷ್ಯರನ್ನು ಓದುತ್ತೇನೆ ಎಂದುಕೊಂಡಿದ್ದೆ. ಅದೇ ಹೋಯಿತೆಂದರೆ ಆ ಕುರ್ಚಿಯಲ್ಲಿ ಕೂತು ಮಾಡುವುದೇನು? ಓದ್ನಿ ಎಬ್ಬಿಸುವ ಮುಂಚೆ ತಾನೇ ಎದ್ದುಬಿಡುವುದು ಮೇಲು.

ಬದಲಿ ದಿನ ಅವನು ಅಂಗಡಿಗೆ ಬಂದಾಗ ಸಾಲು ಬಾಗಿಲಿನಿಂದ ಬೇಕರಿಯ ತನಕ ಬೆಳೆದಿತ್ತು. ಎಲ್ಲರ ಕೋಟೂ ಉಬ್ಬಿತ್ತು. ಇಂದ್ರಿದಿ ಯಾರ ಮುಖವನ್ನೂ ನೋಡದೆ ಒಳಗೆ ಹೋಗಿ ಕುರ್ಚಿಯ ಪಕ್ಕ ನಿಂತ. ಕೂರಲಿಲ್ಲ.

"ಕೂತ್ಕೋ," ಎಂದಳು ಓದ್ನಿ, ಸಾಲಿನ ಕಡೆ ನೋಡುತ್ತ. ಅವಳ ಮುಖವೂ ಬಿಳುಚಿತ್ತು.

"ನಿಂತೇ ಇರ್ತೀನಿ. ಎಬ್ಬಿಸೋ ಕೆಲಸ ತಪ್ಪತ್ತೆ ನಿಂಗೆ. ಓದ್ನಿ, ಒಂದು ಮಾತು. ಈ ಸಲ ನಾನು ಕೊಟ್ಟಿದ್ದು ಒಂದನ್ನೂ ಓದಿರ್ಲಿಲ್ಲ. ಆಗ್ಲಿಲ್ಲ ನನ್ ಕೈಲಿ. ಪರದೆ ತರ್ಸು."

ಓದ್ನಿ ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ಗೋಡೆಗೆ ಬಡಿಯಿತು. ಬ್ರಾಂದುರ್ ಕಾಡ್ ಮೀನಿನ ಇತಿಹಾಸವನ್ನು ಎತ್ತಿ ಹಿಡಿದು ಸಾಲನ್ನು ಸೀಳಿಕೊಂಡು ಬಂದ.

"ಎಲ್ಲಯ್ಯಾ ನನ್ ಪುಸ್ತಕ! ಅವಳು ಹಡಗು ಹತ್ತಿದಳೋ ಇಲ್ವೋ? ದಿಂಬು ತೆಗೆದ್ರೆ ಮೀನು! ಮೂವತ್ತು ವರ್ಷದಿಂದ ಮೀನು ನೋಡ್ತಿದೀನಿ, ಹಬ್ಬದ ದಿನ ದಿಂಬಿನ ಕೆಳಗೂ ಮೀನಾ!"

"ನೀನೇ ಅಲ್ವಾ... ಬೇಡ ಅಂತ..." ಇಂದ್ರಿದಿ ಕೋಟಿನೊಳಗಿಂದ ಪ್ರೇಮಕಥೆ ತೆಗೆದ. ಬ್ರಾಂದುರ್ ಕಿತ್ತುಕೊಂಡು ನಿಂತಲ್ಲೇ ಪುಟ ಹುಡುಕತೊಡಗಿದ.

ಅವನ ಹಿಂದೆ ಲೋವಾಳ ಅಕ್ಕ. ಉಬ್ಬಿದ ಕೋಟಿನಿಂದ ಅವಳು ತೆಗೆದದ್ದು ಯಾವುದೋ ಮಾಜಿ ಮಂತ್ರಿಯ ಆತ್ಮಕಥೆ. ಕೆಂಪು ದಾರ ಇರಲಿಲ್ಲ. "ಇದನ್ನ ತಗೊಂಡು ಆ ಮರುಭೂಮೀದು ಕೊಡು. ಲೋವಾ ಮುಟ್ಟೋಕೂ ಬಿಡಲ್ಲ." ಅವಳ ಹಿಂದಿನವನು ಒಂದು ಅಡುಗೆ ಪುಸ್ತಕ ತೆಗೆದ: "ಕೊಡಲಿ ಇದೆಯಾ?" ಅದರ ಹಿಂದೆ ಎರಡು ಹೆಣಿಗೆ ಪುಸ್ತಕ, ಒಂದು ಕುದುರೆ ಪುಸ್ತಕ, ಒಬ್ಬ ಮುದುಕನಂತೂ ಉಡುಗೊರೆ ಬಂದ ಮೇಣದಬತ್ತಿಯನ್ನೇ ತಂದಿದ್ದ: "ಇಂದ್ರಿದಿ ವಾಪಸು ಕಿತ್ಕೊಂಡ್ನಂತಲ್ಲ, ಅಂಥಾದ್ದು ಯಾವ್ದಾದ್ರೂ ಒಂದು." ಓದ್ನಿ ಒಬ್ಬೊಬ್ಬರ ಕೋಟಿನೊಳಗೂ ಇಣುಕಿದಳು. ಕೆಂಪು ದಾರ ಎಲ್ಲೂ ಇಲ್ಲ.

"ಒಂದೂ ಬಂದಿಲ್ಲ," ಎಂದಳು ಮೆಲ್ಲಗೆ. ಆಮೇಲೆ ಇಂದ್ರಿದಿಯ ಭುಜ ಹಿಡಿದು ಕುರ್ಚಿಗೆ ಒತ್ತಿದಳು. "ಕೂತ್ಕೋ ಅಂದೆ! ಪರದೆಯೋರಿಗೆ ಇವತ್ತೇ ಹೇಳ್ತೀನಿ, ಬೇಡ ಅಂತ. ಓದಿರ್ಲಿಲ್ಲ ಅಂದ್ಯಲ್ಲ, ಇನ್ನು ಮೇಲೆ ಓದು. ಸಂಬಳ ಅದಕ್ಕೇ."

ಇಂದ್ರಿದಿ ಕೂತ, ಆದರೆ ತುದಿಯಲ್ಲಿ. ಲೆಕ್ಕ ಎಲ್ಲೋ ತಾಳೆಯಾಗುತ್ತಿರಲಿಲ್ಲ. ಸಾಲಿನಲ್ಲಿ ಗುನ್ವೋರ್‌ಳ ಸರದಿ ಬಂದಿತ್ತು. ಪಾದ್ರಿ ಕೈಗವಸು ಬಿಚ್ಚುತ್ತ, "ಇಂದ್ರಿದಿ, ಕೊಲೆಗಾರ ಯಾರು ಅಂತ ನಾನು ಮೂರನೇ ಹೆಣಕ್ಕೇ ಹೇಳಿದ್ದೆ. ಮುಗೀತು. ಅದೇ ಥರದ್ದು ಇನ್ನೊಂದು ಕೊಡು, ಸ್ವಲ್ಪ ಜಾಸ್ತಿ ರಕ್ತ ಇರ್ಲಿ," ಎಂದಳು.

"ನೀನು ಮೊನ್ನೆ ಫೋನಲ್ಲಿ..."

ಮೇಜಿನ ಮೇಲಿನ ಫೋನು ಹೊಡೆದುಕೊಂಡಿತು. ಓದ್ನಿಯ ಕೈ ತುಂಬ ಪುಸ್ತಕ. ಮೊಣಕೈಯಿಂದ ಗುಂಡಿ ಒತ್ತಿದಳು, ಎಲ್ಲರಿಗೂ ಕೇಳುವಂತೆ.

"ಇಂದ್ರಿದೀ... ನಿನಗೆ ಶಾಂತಿಯಾಗಲೀ..." ಗಂಟೆಯಂಥ ದನಿ ಇಡೀ ಅಂಗಡಿಯನ್ನು ತುಂಬಿತು. "ಆ ಕೊಡಲಿ ಪುಸ್ತಕ ಹಿಮದಲ್ಲಿ ಹೂತಿದೀನೀ... ಅಗೆದು ತರ್ತಿದೀನೀ... ಓದ್ನಿಗೆ ಹೇಳೂ..."

ಎಲ್ಲರೂ ಫೋನು ನೋಡಿದರು, ಆಮೇಲೆ ಪಾದ್ರಿಯನ್ನು ನೋಡಿದರು. ಗುನ್ವೋರ್ ತನ್ನ ಬಾಯಿ ಮುಚ್ಚಿದೆಯೇ ಎಂದು ಮುಟ್ಟಿ ನೋಡಿಕೊಂಡಳು. ಬಳಿಕ ಬಗ್ಗಿ, ಅದೇ ಗಂಟೆಯನ್ನು ಅದಕ್ಕಿಂತ ಜೋರಾಗಿ ಬಾರಿಸಿದಳು: "ಮಾತಾಡ್ತಿರೋದು ಯಾರಪ್ಪಾ?"

ಆ ಕಡೆ ಒಂದು ಉಸಿರು ಸಿಕ್ಕಿಹಾಕಿಕೊಂಡಿತು. ಕೋಲ್ಬೇನ್ ಫೋನು ಇಟ್ಟಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಗಂಟಲಿನ ಚಟ ಬಿಡಬೇಕಲ್ಲ. "ಏಯ್! ರಾಂಗ್ ನಂಬರ್! ಇದು ಬ್ರಾಂದುರ್! ಅಷ್ಟೆ!"

"ಹಾಗಾದ್ರೆ ನಾನ್ಯಾರೋ?" ಎಂದು ಬ್ರಾಂದುರ್ ಪುಸ್ತಕದಿಂದ ತಲೆಯೆತ್ತದೆ ಗರ್ಜಿಸಿದ.

"ಅಲ್ಲ ಅಲ್ಲ, ಲೋವಾ ಲೋವಾ, ಈಜುಕೊಳದಿಂದ..."

"ನಾನು ಇಲ್ಲಿದೀನಿ ಇಲ್ಲಿದೀನಿ!" ಎಂದು ಸಾಲಿನ ಹಿಂದಿನಿಂದ ಲೋವಾ ಕೂಗಿದಳು, ಕೊರಳಿನ ಸೀಟಿ ಊದಿದಳು.

ಫೋನಿನಲ್ಲಿ ಊರಿನ ಜನ ಮುಗಿಯುತ್ತ ಬಂದಿದ್ದರು. ಓದ್ನಿಯ ದನಿಯೊಂದು "ಅಂಗಡಿ ಮುಚ್ಚಿದೆ, ನಾಳೆ ಬನ್ನಿ" ಎಂದಿತು. ಓದ್ನಿಯೇ "ಇಲ್ಲ, ತೆರೆದಿದೆ" ಎಂದಳು. ಆಗ, ಬೇರೆ ಯಾರೂ ಉಳಿಯದೆ, ಒಂದು ಹೊಸ ದನಿ ಬಂತು. ಉಸಿರನ್ನು ಒಳಕ್ಕೆ ಎಳೆದುಕೊಳ್ಳುತ್ತ, ಸೀನು ಬರುವ ಮುಂಚಿನ ತಯಾರಿಯಂತೆ, "ಹ್ಹೂಂ... ಗೆಳೆಯಾ... ನಿನ್ನಲ್ಲಿ ಏನಿಲ್ಲ ಅಂದ್ರೆ..." ಎಂದು ರಾಗ ಎಳೆದು, ಗಂಟಲು ಸರಿಮಾಡಿಕೊಂಡು, ಎರಡು ಸಲ ಮೂಗೇರಿಸಿ, ಇಡೀ ಜಗತ್ತಿಗೆ ಔಷಧಿ ಬರೆದುಕೊಡುವ ಗತ್ತಿನಲ್ಲಿ, "...ಬುದ್ಧಿ. ಅದಕ್ಕೊಂದು ಪುಸ್ತಕ ಇದೆ, ಇಷ್ಟಾನಾ ಅಂತ ಕೇಳಲ್ಲ, ನೀನು ತಗೋ."

ಅಂಗಡಿಯಲ್ಲಿ ಯಾರೂ ನಗಲಿಲ್ಲ. ಎಲ್ಲರೂ ಕುರ್ಚಿಯ ಕಡೆ ನೋಡುತ್ತಿದ್ದರು.

ಇಂದ್ರಿದಿ ಹುಬ್ಬು ಗಂಟಿಕ್ಕಿಕೊಂಡಿದ್ದ. "ಇದ್ಯಾರು?" ಎಂದ. "ಈ ಮನುಷ್ಯ ಯಾರೋ ಗೊತ್ತಾಗ್ಲಿಲ್ಲವಲ್ಲ."

"ನೀನೇ," ಎಂದಳು ಓದ್ನಿ.

"ನಾನಾ?" ಅವನು ಉಸಿರನ್ನು ಒಳಕ್ಕೆ ಎಳೆದುಕೊಂಡ. ಆ ಶಬ್ದ ಅವನ ಕಿವಿಗೇ ಬಿತ್ತು. ತೆರೆದ ಬಾಯಿ ಹಾಗೇ ನಿಂತಿತು. ಎರಡು ದಿನದ ಓಡಾಟ, ಕಿಂಡಿಯೊಳಗೆ ಹಾಕಿದ ಕೈ, ಸರದಿ ಮೇಲೆ ಹೊಡೆದ ಕಣ್ಣು, ದಿಂಬಿನಡಿಯ ಮೀನು, ಎಲ್ಲವೂ ಒಟ್ಟಿಗೆ ಬಂದು ಅವನ ಪಕ್ಕೆಗೆ ತಿವಿದವು. ಮೊದಲು ಭುಜ ಕುಣಿಯಿತು, ಆಮೇಲೆ ಹೊಟ್ಟೆ, ಆಮೇಲೆ ಕುರ್ಚಿ. ಬ್ರಾಂದುರ್ ಕೂಡ ನಗಲು ಆರಂಭಿಸಿದ, ಲೋವಾ ಸೀಟಿಯೊಳಗೇ ನಕ್ಕಳು, ಪಾದ್ರಿಯ ಗಂಟೆ ಮೊಳಗಿತು, ಫೋನಿನೊಳಗಿಂದ ಕೋಲ್ಬೇನ್ ಮೊದಲ ಸಲ ತನ್ನದೇ ದನಿಯಲ್ಲಿ ಕಿಸಕ್ಕೆಂದ. ಬೇಕರಿಯವರು ಏನಾಯಿತೆಂದು ಹಿಟ್ಟಿನ ಕೈಯಲ್ಲೇ ಓಡಿಬಂದರು. ಬಾಗಿಲಲ್ಲಿ ನಿಂತ ಅವರಿಗೆ ಉಳಿದವರ ನಗು ಕೇಳಿಸಲೇ ಇಲ್ಲ, ಇಂದ್ರಿದಿಯದೊಂದೇ ಕೇಳಿಸಿತು.